ಗಾಳಿ ನಿಲ್ಲಿಸಿ ಎಂದವರಿಗೆ

ಉಪ್ಪುನೀರು ಶುದ್ಧೀಕರಣ ಯೋಜನೆಯ ಮಾನ್ಯ ನಿರ್ದೇಶಕರೇ,

ನಿಮ್ಮ ನೋಟೀಸು ಸೋಮವಾರ ಕೈಸೇರಿತು. ಎಣ್ಣೆಬಾವಿಗಳ ಉಪ್ಪುನೀರನ್ನು ಸೂಕ್ಷ್ಮಜೀವಿಗಳಿಂದ ತೊಳೆಸುವ ನಿಮ್ಮ ತೊಟ್ಟಿ ಕೆಟ್ಟುಹೋದದ್ದು ನನ್ನಿಂದ ಎಂದು ಅದರಲ್ಲಿ ಬರೆದಿದೆ. ನಾನು ಆ ಜೀವಿಗಳನ್ನು "ಅನಧಿಕೃತವಾಗಿ ಸಾಗಿಸಿ" ಇಪ್ಪತ್ತು ಲೀಟರಿನ ಕ್ಯಾನಿನಲ್ಲಿ ಬಚ್ಚಿಟ್ಟಿದ್ದೇನಂತೆ. ಏಳು ದಿನದೊಳಗೆ "ಸದರಿ ಕ್ಯಾನಿಗೆ ಗಾಳಿ ಪೂರೈಕೆಯನ್ನು ನಿಲ್ಲಿಸಿ, ಬ್ಲೀಚಿಂಗ್ ಪುಡಿ ಬೆರೆಸಿ, ಖಾಲಿ ಕ್ಯಾನನ್ನು ಕಚೇರಿಗೆ ಒಪ್ಪಿಸತಕ್ಕದ್ದು." ಕ್ಯಾನು ನನ್ನ ಮನೆಯಲ್ಲಿರುವುದು ನಿಜ. ಉಳಿದದ್ದು ಸುಳ್ಳು. ತೊಟ್ಟಿಯನ್ನು ಕೊಂದವರು ನೀವು. ನಿಮಗೆ ಬರೆದ ಮೂರು ಅರ್ಜಿಗೆ ಉತ್ತರ ಬರಲಿಲ್ಲವಾದ್ದರಿಂದ ಈ ನಾಲ್ಕನೆಯದನ್ನು ಊರೆಲ್ಲ ಓದಲಿ ಎಂದು ಬರೆಯುತ್ತಿದ್ದೇನೆ.

ನೀವು ನಮ್ಮೂರಿಗೆ ಬಂದದ್ದನ್ನು ಮೊದಲು ನೆನಪಿಸುತ್ತೇನೆ. ಸಮುದ್ರದ ಕಡೆ ನೆಲ ಕೊರೆದು ಎಣ್ಣೆ ತೆಗೆಯುವಾಗ ಜೊತೆಗೆ ಉಪ್ಪುನೀರೂ ಮೇಲೆ ಬರುತ್ತದೆ. ಸಮುದ್ರಕ್ಕಿಂತ ಉಪ್ಪು, ಮೇಲೆ ಎಣ್ಣೆಯ ಪದರ, ಮೂಗಿಗೆ ಹೊಡೆಯುವ ವಾಸನೆ. ಅದು ಅಲ್ಲಿ ಯಾರಿಗೂ ಬೇಡವಾಯಿತು. ಆಗ ನಿಮಗೆ ಕೆ.ಜಿ.ಎಫ್. ನೆನಪಾಯಿತು. ಇಲ್ಲಿ ಖಾಲಿ ಜಾಗ ಬೇಕಾದಷ್ಟಿದೆ, ಚಿನ್ನ ಸೋಸಿ ಸುರಿದ ಸಯನೈಡ್ ಮಣ್ಣಿನ ದಿಬ್ಬದ ಧೂಳು ಕುಡಿದು ಅಭ್ಯಾಸವಾದ ಜನ ಇದ್ದಾರೆ, ಇನ್ನೊಂದು ಹೊಲಸು ಬಂದರೆ ಯಾರು ತಾನೇ ಕೇಳುತ್ತಾರೆ? ಚಿನ್ನ ಬಂಗಾರಪೇಟೆಯ ಮಾರ್ಗವಾಗಿ ಹೊರಗೆ ಹೋಯಿತು, ಅದೇ ದಾರಿಯಲ್ಲಿ ನಿಮ್ಮ ಟ್ಯಾಂಕರುಗಳು ಒಳಗೆ ಬಂದವು. ಪ್ರಾಯೋಗಿಕ ಘಟಕ ಎಂದು ಬೋರ್ಡು ಹಾಕಿದಿರಿ. ಪ್ರಯೋಗ ಯಾರ ಮೇಲೆ ಎಂದು ಬೋರ್ಡಿನಲ್ಲಿ ಇರಲಿಲ್ಲ.

ಆದರೂ ನ್ಯಾಯವಾಗಿ ಹೇಳಬೇಕು, ಮೊದಲ ಎರಡು ವರ್ಷ ಅದು ಕೆಲಸ ಮಾಡಿತು. ಸಹನ ಎಂಬ ವಿಜ್ಞಾನಿ ಅದನ್ನು ಕಟ್ಟಿದರು. ಗಣಿ ಮುಚ್ಚಿದ ಮೇಲೆ ನೀರು ತುಂಬಿಕೊಂಡ ಹಳೆಯ ಶಾಫ್ಟಿನ ಬಾವಿಯೊಳಗೆ ಹಗ್ಗ ಕಟ್ಟಿ ಸೀಸೆ ಇಳಿಬಿಟ್ಟು, ಆಳದ ನೀರು ತೆಗೆಸಿದರು. ಆ ನೀರೂ ಉಪ್ಪು. ಅದರಲ್ಲಿ ಎಷ್ಟೋ ವರ್ಷದಿಂದ ಮೆಷಿನಿನ ಗ್ರೀಸು, ಎಣ್ಣೆ ಸೇರಿದೆ. ಅದನ್ನೇ ತಿಂದು ಬದುಕಲು ಕಲಿತ ಜೀವಿಗಳು ಅಲ್ಲಿದ್ದವು. ಅವನ್ನು ತೊಟ್ಟಿಗೆ ಬಿಟ್ಟು, ಪೈಪಿನಲ್ಲಿ ಗಾಳಿ ಕೊಟ್ಟು ಬೆಳೆಸಿದರು. ನಾನು ಅಲ್ಲಿ ಕಸ ಗುಡಿಸಲು ಸೇರಿದವಳು. ಅವರೇ ನನಗೆ ಅವಕ್ಕೆ ಊಟ ಹಾಕುವುದನ್ನು ಕಲಿಸಿದರು: ಎಣ್ಣೆನೀರು ಎಷ್ಟು, ಯೂರಿಯಾ ಎಷ್ಟು ಚಿಟಿಕೆ. "ರಾಧಾಮಣಿ ಅಮ್ಮ, ಇವು ಎಣ್ಣೆ ತಿನ್ನುತ್ತವೆ, ಉಪ್ಪು ತಿನ್ನಲ್ಲ. ಉಪ್ಪು ಇವುಗಳ ಮನೆ. ಸಿಹಿನೀರು ಬಿದ್ದರೆ ಒಡೆದು ಸಾಯ್ತವೆ," ಎಂದು ಮೊದಲ ದಿನವೇ ಹೇಳಿದ್ದರು. ಎಣ್ಣೆ ಹೋದ ನೀರನ್ನು ಅಗಲವಾದ ಹೊಂಡಕ್ಕೆ ಬಿಟ್ಟು ಬಿಸಿಲಿಗೆ ಒಣಗಿಸಿ ಉಪ್ಪು ಬಾಚುತ್ತಿದ್ದೆವು. ಸಹನ ಅವರ ಅವಧಿ ಮುಗಿಯಿತು, ಹೋದರು. ತೊಟ್ಟಿಯ ಭಾಷೆ ಬಲ್ಲವರೆಂದರೆ ಒಬ್ಬ ಕಸ ಗುಡಿಸುವವಳು ಉಳಿದಳು.

ಆಮೇಲೆ ತಾವು ತಪಾಸಣೆಗೆ ದಯಮಾಡಿಸುವ ಸುದ್ದಿ ಬಂತು. "ಘಟಕವು ಸ್ವಚ್ಛವಾಗಿಯೂ ದುರ್ವಾಸನೆರಹಿತವಾಗಿಯೂ ಇರತಕ್ಕದ್ದು" ಎಂದು ತಮ್ಮ ಸುತ್ತೋಲೆ. ಸೂಪರ್‌ವೈಸರ್ ವಿಜಯಕುಮಾರ್ ತೊಟ್ಟಿಯ ಗೋಡೆಗೆ ಅಂಟಿದ ಲೋಳೆ ನೋಡಿ ಗಾಬರಿಯಾದರು. ಆ ಲೋಳೆಯೇ ಕೆಲಸಗಾರರು, ಅದೇ ಜೀವಿಗಳು, ಮುಟ್ಟಬೇಡಿ ಎಂದೆ.

"ಸಾಹೇಬ್ರು ಮೂಗು ಮುಚ್ಕೊಂಡ್ರೆ ನನ್ ಕೆಲ್ಸ ಓಗ್ತದೆ ಕಣಕ್ಕಾ," ಎಂದರು. ಕೆಟ್ಟವರಲ್ಲ, ಎರಡು ಮಕ್ಕಳ ತಂದೆ. ನಗರಸಭೆಯ ಕುಡಿಯುವ ನೀರಿನ ಟ್ಯಾಂಕರು ಮೂರು ಬಂದವು. ನಮ್ಮ ಲೈನಿನಲ್ಲಿ, ಗಣಿಯವರ ಸಾಲುಮನೆಗಳಲ್ಲಿ, ಬಿಂದಿಗೆ ಸಾಲು ಇಟ್ಟು ವಾರಗಟ್ಟಲೆ ಕಾಯುವ ನೀರು ಅದು. ನಮ್ಮ ಜನಕ್ಕೆ ಅದಕ್ಕಿಂತ ದೊಡ್ಡ ಮರ್ಯಾದೆ ತಿಳಿಯದು, ಒಳ್ಳೆ ನೀರಿನಲ್ಲಿ ತೊಳೆದರೆ ಎಲ್ಲವೂ ಒಳ್ಳೆಯದಾಗುತ್ತದೆ ಎಂದು ನಂಬಿದವರು. ಬ್ರಷ್ಷು ಹಾಕಿ ಉಜ್ಜಿದರು, ಸಿಹಿನೀರು ತುಂಬಿಸಿ ಒಂದು ದಿನ ಬಿಟ್ಟು ಚೆಲ್ಲಿದರು, ಹೊರಗೋಡೆಗೆ ನೀಲಿ ಬಣ್ಣ ಬಳಿದರು. ತಾವು ಹನ್ನೆರಡು ನಿಮಿಷ ಇದ್ದು "ವೆರಿ ನೀಟ್" ಎಂದು ಪುಸ್ತಕದಲ್ಲಿ ಬರೆದು ಹೋದಿರಿ. ತಾವು ಬಗ್ಗಿ ನೋಡಿದ ತೊಟ್ಟಿಯಲ್ಲಿ ಜೀವ ಇರಲಿಲ್ಲ.

ತೊಳೆಯುವ ಹಿಂದಿನ ದಿನ ನಾನು ಒಂದು ಕ್ಯಾನು ತುಂಬಿ ಮನೆಗೆ ತಂದೆ, ವಿಜಯಕುಮಾರ್ ಎದುರಿಗೇ. ಇದು ಕಳವೇ? ಮೊಸರು ಖಾಲಿಮಾಡುವ ಮುಂಚೆ ಹೆಪ್ಪಿಗೆ ಒಂದು ಚಮಚ ಎತ್ತಿಡದ ಮನೆ ಯಾವುದು, ಸ್ವಾಮಿ? ತಮ್ಮ ಮನೆಯಲ್ಲಿ ಎತ್ತಿಡುವುದಿಲ್ಲವೇ? ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿತಂತೆ. ತಮ್ಮ ನೋಟೀಸು ಓದುವಾಗ ನನ್ನ ಮೂತಿಯನ್ನು ನಾನೇ ಮುಟ್ಟಿ ನೋಡಿಕೊಂಡೆ.

ಟ್ಯಾಂಕರುಗಳು ಮಾತ್ರ ನಿಲ್ಲಲಿಲ್ಲ. ಎಣ್ಣೆನೀರು ಸತ್ತ ತೊಟ್ಟಿಗೆ ಬಂದು ಹಾಗೇ ಹೊಂಡಕ್ಕೆ ಹೋಯಿತು, "ತೃಪ್ತಿಕರ" ಎಂದು ವರದಿಯೂ ಹೋಯಿತು. ಮಳೆಗೆ ಹೊಂಡ ಉಕ್ಕಿ ಕಾಲುವೆ ಸೇರಿತು. ಕೆಳಗಿನ ಹಳ್ಳಿಯ ಮಂಗಮ್ಮ ಡೈರಿಗೆ ಹಾಲು ಹಾಕಿ ಬದುಕುವವರು. ಹದಿನೈದು ದಿನದ ಹಿಂದೆ ಘಟಕದ ಗೇಟಿಗೆ ಒಂದು ಬಾಟಲಿ ನೀರು ತಂದಿದ್ದರು. "ನಮ್ ಬೋರ್ ನೀರು ಕಣಕ್ಕಾ. ಎಮ್ಮೆ ಮೂತಿ ಇಕ್ಕಿ ಇಂದಕ್ಕೆ ಎಳ್ಕಂತು. ಈವಾಗ ಬಾಯಾರಿ ಅದನ್ನೇ ಕುಡೀತೈತೆ, ನಾನೇನ್ ಮಾಡ್ಲಿ?" ಉಪ್ಪು ತಿಂದವರು ನೀರು ಕುಡಿಯಲೇಬೇಕು ಎನ್ನುತ್ತಾರೆ. ಇಲ್ಲಿ ಉಪ್ಪು ತಿಂದವರು ಯಾರೋ, ನೀರು ಕುಡಿಯುತ್ತಿರುವುದು ಮಂಗಮ್ಮನ ಎಮ್ಮೆ. ಆ ಬಾಟಲಿ ಈಗಲೂ ನನ್ನ ಬಳಿ ಇದೆ.

ಇನ್ನು ಗಾಳಿಯ ವಿಷಯ. ಇದನ್ನು ಅರ್ಜಿಗಳಲ್ಲಿ ಬರೆದಿರಲಿಲ್ಲ, ಬರೆಯಲು ಕೈ ಬರಲಿಲ್ಲ.

ನನ್ನ ಅಪ್ಪ ಪೆರುಮಾಳ್ ಗಣಿಯಲ್ಲಿ ಬಂಡೆಗೆ ತೂತು ಕೊರೆಯುತ್ತಿದ್ದರು. ನನಗೆ ಒಂಬತ್ತು ವರ್ಷವಾಗಿದ್ದಾಗ ನೆಲದಾಳದ ಇಪ್ಪತ್ತೇಳನೇ ಲೆವೆಲ್ಲಿನ ಸುರಂಗದಲ್ಲಿ ಬಂಡೆ ಸಿಡಿದು ದಾರಿ ಮುಚ್ಚಿಹೋಯಿತು. ಆಚೆ ಬದಿ ಅಪ್ಪ ಮತ್ತು ಇನ್ನೂ ಮೂವರು. ಕೊರೆಯುವ ಮೆಷಿನಿಗೆ ಗಾಳಿ ಒಯ್ಯುವ ಕಬ್ಬಿಣದ ಪೈಪು ಬಂಡೆಗಳ ನಡುವೆ ಮುರಿಯದೆ ಉಳಿದಿತ್ತು. ಅದರಲ್ಲಿ ಗಾಳಿ ಬಿಟ್ಟರು. ಎರಡು ದಿನ ಪೈಪಿನ ಮೇಲೆ ಆಚೆಯಿಂದ ಬಡಿದ ಸದ್ದು ಕೇಳಿತಂತೆ. ನಾಲ್ಕನೇ ದಿನ ಅಂದಿನ ಕಚೇರಿಯಿಂದ ಚೀಟಿ ಬಂತು: ಜೀವದ ಲಕ್ಷಣ ಇಲ್ಲ, ಗಾಳಿ ಪೂರೈಕೆ ನಿಲ್ಲಿಸತಕ್ಕದ್ದು. ನನ್ನ ಅಮ್ಮ ಮಾರಿಯಮ್ಮ ಗಾಳಿಯಂತ್ರದ ಮನೆಯ ಹೊರಗೆ ನಿಂತಿದ್ದಳು. ಆ ಯಂತ್ರ ನಿಂತ ಸದ್ದನ್ನು ಕೇಳಿಸಿಕೊಂಡವಳು ಅವಳು. ಲೆವೆಲ್ಲಿಗೆ ಗೋಡೆ ಕಟ್ಟಿದರು. ದೇಹ ಬರಲಿಲ್ಲ, ಮಣ್ಣು ಮಾಡಲಿಲ್ಲ. ಇಂದಿಗೂ ಕರೆಂಟು ಹೋಗಿ ಮನೆಯ ಫ್ಯಾನು ನಿಂತರೆ ಅಮ್ಮ ಎದ್ದು ಬಾಗಿಲಿಗೆ ಬಂದು ನಿಲ್ಲುತ್ತಾಳೆ.

ಸಹನ ಅವರ ಸೀಸೆಗಳನ್ನು ತೊಳೆಯುವಾಗ ಮೇಲೆ ಅಂಟಿಸಿದ್ದ ಚೀಟಿ ಓದಿದ್ದೆ: ಇಪ್ಪತ್ತೇಳನೇ ಲೆವೆಲ್. ಆ ಲೆವೆಲ್ಲು ಶಾಫ್ಟಿಗೆ ಕೂಡುವ ಕಡೆಯ ನೀರು. ನಾನು ಹುಚ್ಚಿಯಲ್ಲ. ಕ್ಯಾನಿನಲ್ಲಿರುವುದು ನನ್ನ ಅಪ್ಪ ಅಲ್ಲ ಎಂದು ಚೆನ್ನಾಗಿ ಗೊತ್ತು. ಆದರೆ ಇಷ್ಟು ವರ್ಷದಲ್ಲಿ ಆ ಲೆವೆಲ್ಲಿನಿಂದ ಜೀವಂತವಾಗಿ ಮೇಲೆ ಬಂದದ್ದು ಇದೊಂದೇ. ಅಮ್ಮನಿಗೆ ಹೇಳಬಾರದು ಎಂದುಕೊಂಡಿದ್ದೆ, ಕ್ಯಾನು ಮನೆಗೆ ತಂದ ದಿನ ಹೇಳಿಬಿಟ್ಟೆ.

ಅವಳು ಹತ್ತಿರ ಬಂದು ಕ್ಯಾನಿನ ಮೇಲೆ ಕೈ ಇಟ್ಟಳು. "ಅದುಕ್ಕೂ ಉಸ್ರು ಬೇಕಾ, ನನ್ ಕಣ್ಣೇ?" ಎಂದು ಕೇಳಿದಳು.

"ಬೇಕಮ್ಮಾ. ಗಾಳಿ ನಿಂತ್ರೆ ಸತ್ತೋಗ್ತವೆ."

ಬಂಗಾರಪೇಟೆಯ ಬಜಾರಿನಿಂದ ಮೀನಿನ ತೊಟ್ಟಿಗೆ ಹಾಕುವ ಚಿಕ್ಕ ಮೋಟರು ತಂದು ಜೋಡಿಸಿದೆ. ಕರೆಂಟು ಹೋದಾಗ ಏನು ಮಾಡುವುದು ಎಂದು ನಾನು ಯೋಚಿಸಿರಲಿಲ್ಲ, ಅಮ್ಮ ಯೋಚಿಸಿದ್ದಳು. ಪಕ್ಕದ ಮನೆಯಿಂದ ಸೈಕಲ್ ಪಂಪು ಕೇಳಿ ತಂದಿಟ್ಟುಕೊಂಡಿದ್ದಾಳೆ. ಎಂಬತ್ತರ ಹತ್ತಿರದ ಹೆಂಗಸು. ಈಗ ಫ್ಯಾನು ನಿಂತರೆ ಬಾಗಿಲಿಗೆ ಹೋಗುವುದಿಲ್ಲ. ಕ್ಯಾನಿನ ಪಕ್ಕ ಕೂತು ಪಂಪು ಒತ್ತುತ್ತಾಳೆ. ನಾನು ಸ್ವಲ್ಪ ಹೊತ್ತು ಒತ್ತುತ್ತೇನೆ ಕೊಡು ಎಂದರೂ ಕೊಡುವುದಿಲ್ಲ. ಒಮ್ಮೊಮ್ಮೆ ಒತ್ತುವುದನ್ನು ನಿಲ್ಲಿಸಿ ಕ್ಯಾನಿಗೆ ಕಿವಿ ಇಡುತ್ತಾಳೆ. ಏನು ಕೇಳುತ್ತದೆ ಎಂದು ವಿಚಾರಿಸಲು ನನಗೆ ಭಯ.

ತಮ್ಮ ನೋಟೀಸನ್ನು ಅವಳೇ ಓದಿಸಿಕೊಂಡಳು. "ಗಾಳಿ ಪೂರೈಕೆಯನ್ನು ನಿಲ್ಲಿಸಿ" ಎಂಬಲ್ಲಿಗೆ ಬಂದಾಗ ಕೈಯೆತ್ತಿ ತಡೆದಳು. "ಅವ್ರೇನಾ?" ಎಂದಳು. ಅಲ್ಲ ಅಮ್ಮಾ, ಇವರು ಬೇರೆ ಆಫೀಸು ಎಂದೆ. ಅವಳು ನಂಬಿದಂತೆ ಕಾಣಲಿಲ್ಲ. ನನಗೂ ಈಗ ಖಾತ್ರಿಯಿಲ್ಲ.

ಆದ್ದರಿಂದ ನನ್ನ ಒತ್ತಾಯ ಇಷ್ಟು. ತೊಟ್ಟಿಯನ್ನು ಸಿಹಿನೀರಿನಲ್ಲಿ ತೊಳೆಸಿದ್ದು ಯಾರ ಸುತ್ತೋಲೆಯಿಂದ ಎಂದು ಕಡತದಲ್ಲಿ ಬರೆಯಿರಿ. ಅದನ್ನು ವಿಜಯಕುಮಾರ್ ತಲೆಗೂ ಕಟ್ಟಬೇಡಿ. ಟ್ಯಾಂಕರು ಇಂದೇ ನಿಲ್ಲಿಸಿ, ಮಂಗಮ್ಮನ ಬೋರಿನ ನೀರು ಪರೀಕ್ಷೆ ಮಾಡಿಸಿ, ಅಲ್ಲಿಯವರೆಗೆ ಅವರ ಕೊಟ್ಟಿಗೆಗೆ ಒಳ್ಳೆ ನೀರು ಕಳಿಸಿ. ತೊಟ್ಟಿಗೆ ಮತ್ತೆ ಉಪ್ಪುನೀರು ತುಂಬಿ, ಗಾಳಿಯ ಪೈಪು ಸರಿಮಾಡಿ. ಅದು ಸಿದ್ಧವಾದ ದಿನ ಕ್ಯಾನನ್ನು ನಾನೇ ಹೊತ್ತು ತಂದು ಸುರಿಯುತ್ತೇನೆ.

ಅದೆಲ್ಲ ಆಗದು, ಕೊಲ್ಲಲೇಬೇಕು ಎನ್ನುವುದಾದರೆ ಜವಾನನ ಕೈಯಲ್ಲಿ ಚೀಟಿ ಕಳಿಸಬೇಡಿ. ಅಂದಿನ ಚೀಟಿಯಲ್ಲಿ ಹುದ್ದೆ ಇತ್ತು, ಹೆಸರಿರಲಿಲ್ಲ. ತಮ್ಮ ನೋಟೀಸಿನಲ್ಲೂ ಹಾಗೆಯೇ. ತಾವೇ ಬನ್ನಿ. ಅಮ್ಮ ಪಂಪು ಹಿಡಿದು ಕೂತಿರುತ್ತಾಳೆ. ಅವಳ ಎದುರು ನಿಂತು ಮೊದಲು ತಮ್ಮ ಹೆಸರು ಹೇಳಿ, ಆಮೇಲೆ ಗಾಳಿ ನಿಲ್ಲಿಸು ಎನ್ನಿ. ಆ ಹೆಸರು ಕೇಳಲು ಅವಳು ನಲವತ್ತು ವರ್ಷದಿಂದ ಕಾಯುತ್ತಿದ್ದಾಳೆ.

ಇಂತಿ,
ನಿಮ್ಮ ಕಡತದ ಪ್ರಕಾರ ಕಳ್ಳಿ, ನಮ್ಮ ಲೈನಿನವರ ಪ್ರಕಾರ ಪೆರುಮಾಳ್ ಮಗಳು,
ರಾಧಾಮಣಿ
ನಂದಿದುರ್ಗ ಗಣಿ ಲೈನು, ಕೆ.ಜಿ.ಎಫ್.
(ಈ ಸಾಲು ಬರೆಯುವಾಗ ಕರೆಂಟಿಲ್ಲ. ಕ್ಯಾನಿಗೆ ಗಾಳಿ ಹೋಗುತ್ತಿದೆ.)