ಕೊಕ್ಕೆ ಮರೆತವರ ಸಾಕ್ಷಿ

ಪೂಜ್ಯ ಸಭಾಪಾಲಕರಿಗೆ ವಂದನೆಗಳು.

ದೇವರು ತನ್ನನ್ನು ಉಳಿಸಿದ ಬಗ್ಗೆ ನನ್ನ ಗಂಡ ಭಾನುವಾರ ಚರ್ಚಿನಲ್ಲಿ ಸಭೆಯ ಮುಂದೆ ಓದಲೆಂದು ನೀವು ಬರೆದು ಕಳಿಸಿದ ಸಾಕ್ಷಿಯನ್ನು ಹಿಂದಿರುಗಿಸುತ್ತಿದ್ದೇನೆ. ಅಕ್ಷರ ಚೆನ್ನಾಗಿದೆ, ಸಂಗತಿ ಸುಳ್ಳು. ಅಷ್ಟೆತ್ತರದ ಕಟ್ಟಡದ ಹೊರಗೆ ನಿಂತು ಕಿಟಕಿಯ ಗಾಜು ಒರೆಸುವಾಗ ಅವರು ಪ್ರಾರ್ಥಿಸುತ್ತಿರಲಿಲ್ಲ. ನನ್ನ ಮೇಲಿನ ಸಿಟ್ಟಿನಲ್ಲಿ ಸೊಂಟದ ಪಟ್ಟಿಯ ಕೊಕ್ಕೆಯನ್ನು ಹಗ್ಗಕ್ಕೆ ಸಿಕ್ಕಿಸುವುದನ್ನೇ ಮರೆತಿದ್ದರು. ಸಿಟ್ಟಿಗೆ ಕಾರಣ ನಾನು ತಂದ ಕೋಟು. ಅಳತೆ ತಪ್ಪಿ ವಿಪರೀತ ದೊಡ್ಡದಾಗಿತ್ತು. "ಇದರೊಳಗೆ ಇನ್ನೊಬ್ಬ ಬಾಡಿಗೆಗಿರಬಹುದು ಕಣೇ" ಅಂತ ಗೊಣಗುತ್ತಲೇ ಅದನ್ನು ಹಾಕಿಕೊಂಡು ಕೆಲಸಕ್ಕೆ ಹೋಗಿದ್ದರು. ಕಾಲು ಜಾರಿದಾಗ ಆ ಕೋಟಿನ ಜೋಲು ಅಂಚೇ ಕೆಳಗಿನ ತೆರೆದ ಕಿಟಕಿಯ ಚಿಲಕಕ್ಕೆ ಸಿಕ್ಕಿಕೊಂಡಿತು. ಒಳಗಿದ್ದವರು ಓಡಿಬಂದು ಎಳೆದುಕೊಂಡರು.

ಕೊಕ್ಕೆಯ ವಿಷಯ ಎತ್ತಿದರೆ ಸಭೆಯವರ ವಿಶ್ವಾಸ ಕುಗ್ಗುತ್ತದೆ ಅಂದಿರಿ. ನನ್ನದು ಕುಗ್ಗಲಿಲ್ಲವಲ್ಲ. ನೆಟ್ಟಗಿರುವವರನ್ನು ಮಾತ್ರ ಕಾಯುವ ದೇವರು ನಮ್ಮಂಥ ಮನೆಗೆ ಯಾಕೆ ಬರುತ್ತಾನೆ? ಅವರ ತಪ್ಪಿಗೆ ನನ್ನ ತಪ್ಪನ್ನು ಗಂಟು ಹಾಕಿ ಜೀವ ಉಳಿಸಿದ್ದಾನೆ. ಆತನಿಗಿಲ್ಲದ ನಾಚಿಕೆ ನಿಮಗ್ಯಾಕೆ?

ಭಾನುವಾರ ಖಂಡಿತ ಬರುತ್ತೇವೆ. ಅವತ್ತು ಪೆಟ್ಟಾದ ಅವರ ಮಂಡಿ ಇನ್ನೂ ಮಡಚುತ್ತಿಲ್ಲ, ಮುಂದಿನ ಸಾಲಿನ ತುದಿಯ ಕುರ್ಚಿಯನ್ನು ಖಾಲಿ ಇಡಿಸಿ. ಅದೇ ಕೋಟು ಹಾಕಿಕೊಂಡು ಬರುತ್ತಾರೆ. ಅದನ್ನು ಚಿಕ್ಕದು ಮಾಡಿಸಿಲ್ಲ, ಮಾಡಿಸುವುದೂ ಇಲ್ಲ. ನೀವು ಕರೆದರೆ ಅವರು ಎದ್ದು ನಿಂತು ಹೇಳುವುದು ಇಷ್ಟೇ: "ನಾನು ಮರೆತೆ. ಆತ ಮರೀಲಿಲ್ಲ."

ಕರೆಯದಿದ್ದರೆ ನಾನೇ ಎದ್ದು ಹೇಳುತ್ತೇನೆ.

ಇಂತಿ,
ನಿಮ್ಮದೇ ಸಭೆಯ,
ಗಾಜು ಒರೆಸುವವರ ಹೆಂಡತಿ