ಚಕ್ರದಡಿಯ ಹಲಗೆ

ಕ್ವಾರ್ಟ್ಸೈಟ್ ಮರುಭೂಮಿ, ಅರಿಜೋನಾ
ಮಂಗಳವಾರ, ೧೧ ಏಪ್ರಿಲ್ ೧೯೮೯

ಪ್ರೀತಿಯ ಸಿಗ್ನೆ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಮೊದಲು ಅದನ್ನು ಹೇಳು. ಮಂಡಿಯ ವಿಷಯದಲ್ಲಿ ನೀನು ಮಂಡಿಸುವುದೇ ಒಂದು, ಡಾಕ್ಟರು ಖಂಡಿಸುವುದೇ ಇನ್ನೊಂದು, ಹಾಗಾಗಿ ಇಬ್ಬರ ಮಾತನ್ನೂ ಬರೆ. ಈ ವಾರವೆಲ್ಲ ನೀನು ಸರೋವರದಾಚೆಯ ಗುಡಿಸಲಿನಲ್ಲಿ ದೋಣಿಗೆ ಬಣ್ಣ ಬಳಿಯುತ್ತ, ಫೋನಿಲ್ಲದ ಸುಖವನ್ನು ಅನುಭವಿಸುತ್ತ ಇರುತ್ತೀಯೆಂದು ಗೊತ್ತು. ಶನಿವಾರ ಊರಿಗೆ ಮರಳಿದಾಗ ಮನೆಗೂ ಹೋಗದೆ ನೇರವಾಗಿ ಟಪಾಲು ಕಚೇರಿಗೆ ಹೋಗಿ ಅಲ್ಲಿರುವ ನಿನ್ನ ಟಪಾಲು ಪೆಟ್ಟಿಗೆ ತೆಗೆದು, ಬಂದ ಕಾಗದವನ್ನೆಲ್ಲ ಕೌಂಟರಿನ ಮುಂದೆ ನಿಂತೇ ಓದುವುದು ನಿನ್ನ ನೇಮ. ಆ ನೇಮವನ್ನು ನಂಬಿ ಬರೆಯುತ್ತಿದ್ದೇನೆ. ಗಸ್ ಚೆನ್ನಾಗಿದ್ದಾನೆ, ಕಿವಿ ಮಾತ್ರ ಇನ್ನಷ್ಟು ಮಂದ. ಹನ್ನೆರಡು ವರ್ಷದ ನಾಯಿಗೆ ಈ ಜಗತ್ತಿನಲ್ಲಿ ಕೇಳಿಸಿಕೊಳ್ಳುವಂಥದ್ದು ಏನು ತಾನೇ ಉಳಿದಿದೆ? ನಿನ್ನ ವೈರಿ ಡಚೆಸ್ ಡ್ರೈವರ್ ಸೀಟಿನ ಮೇಲೆ ಮಲಗಿದ್ದಾಳೆ. ಬಿಸಿಲು ಹತ್ತು ಗಂಟೆಗೇ ತಗಡನ್ನು ಕಾಯಿಸುತ್ತಿದೆ, ಆದರೂ ಆ ಬೆಕ್ಕು ಜಾಗ ಬಿಡುವುದಿಲ್ಲ.

ಲೈಲ್ ತೀರಿಕೊಂಡು ನಾನು ವಿಧವೆಯಾದ ಮೇಲೆ ನೀನು ಹೇಳಿದ್ದೆ, “ಆ ಬಸ್ಸುಮನೆ ಮಾರಿ ಬಂದು ಬಿದ್ಕೋ ನಮ್ಮನೇಲಿ, ಒಬ್ಳೇ ಹೆಂಗ್ಸು ನಾಯಿ ಬೆಕ್ಕು ಕಟ್ಕೊಂಡು ಊರೂರು ಅಲೆಯೋದು ಲಕ್ಷಣಾನಾ” ಎಂದು. ನಾನು ಕೊಟ್ಟ ಉತ್ತರವೂ ನಿನಗೆ ನೆನಪಿರಬೇಕು. ನಮ್ಮಂಥವರಿಗೆ ವಿಳಾಸವಿಲ್ಲದಿದ್ದರೇನು, ವಿಲಾಸವಿದೆ ಎಂದಿದ್ದೆ. ಎರಡು ಚಳಿಗಾಲ ಆ ಮಾತಿನ ಮೇಲೆಯೇ ಗಾಡಿ ಓಡಿಸಿದೆ. ಸುಳ್ಳಲ್ಲ ಅಕ್ಕಾ, ಬೆಳಿಗ್ಗೆ ಬಾಗಿಲು ತೆಗೆದರೆ ಆಕಾಶ ಅಂಗಳಕ್ಕೇ ಬಂದು ನಿಂತಿರುತ್ತದೆ. ಜನವರಿಯಲ್ಲಿ ಇಲ್ಲಿ ಕಣ್ಣು ಹಾಯಿಸಿದಷ್ಟು ದೂರ ಗಾಡಿಮನೆಗಳು, ನಮ್ಮ ಹಾಗೆಯೇ ಉತ್ತರದ ಹಿಮದಿಂದ ಓಡಿಬಂದವರು, ಮನೆಗೊಂದು ನಾಯಿ, ನಾಯಿಗೊಂದು ಸ್ವೆಟರು. ಏಪ್ರಿಲ್ ಬಂತೆಂದರೆ ಎಲ್ಲರೂ ಕಾಲ್ತೆಗೆಯುತ್ತಾರೆ. ನಾನು ಎಂಜಿನ್ನಿನ ಬೆಲ್ಟ್ ಕಿತ್ತುಹೋಗಿದೆ, ನಾಳೆ, ನಾಡಿದ್ದು ಎನ್ನುತ್ತ ಉಳಿದುಬಿಟ್ಟೆ. ಕೊನೆಗೆ ಈ ಬಯಲಿನಲ್ಲಿ ಉಳಿದವರು ಮೂವರು: ನಾನು, ದೂರದ ಗೇಟಿನ ಹತ್ತಿರ ಜಾಗ ನೋಡಿಕೊಳ್ಳುವ ಮುದುಕ ಮರ್ಲ್, ಮತ್ತು ನನ್ನ ಪಕ್ಕದಲ್ಲಿ ರಾಯ್ಸ್ ಎನ್ನುವವನು. ನೆರೆ ಎಂದರೆ ಪಕ್ಕದ ಮನೆ, ನೆರೆ ಎಂದರೆ ಪ್ರವಾಹ. ಮಳೆಯಿಲ್ಲದ ಈ ಮರಳಿನಲ್ಲಿ ನನಗೆ ಎರಡೂ ಒಟ್ಟಿಗೇ ಬಂದವು.

ಅಷ್ಟು ದೊಡ್ಡ ಬಯಲು ಖಾಲಿ ಬಿದ್ದಿರುವಾಗ ಯಾರಾದರೂ ನನ್ನ ಕಿಟಕಿಗೆ ಅಂಟಿಕೊಂಡಂತೆ ಗಾಡಿ ನಿಲ್ಲಿಸುತ್ತಾರೆಯೇ? ಅವನು ನಿಲ್ಲಿಸಿದ. ಅರುವತ್ತರ ಆಸುಪಾಸು, ಒಗೆದ ಅಂಗಿ, ನಯವಾದ ಮಾತು, ಹಳೆಯ ಬಿಳಿ ವ್ಯಾನು, ಜೊತೆಯಲ್ಲಿ ಕಂದು ಬಣ್ಣದ ಒಂದು ನಾಯಿ. ಒಂಟಿ ಹೆಂಗಸರು ಇಲ್ಲಿ ಮೆಟ್ಟಿಲ ಹತ್ತಿರ ಗಂಡಸಿನ ದೊಡ್ಡ ಬೂಟು ಇಟ್ಟಿರುತ್ತಾರೆ, ನೋಡಿದವರು ಒಳಗೆ ಯಜಮಾನನಿದ್ದಾನೆ ಅಂದುಕೊಳ್ಳಲಿ ಎಂದು. ನಾನೂ ಲೈಲನ ಬೂಟು ಇಟ್ಟಿದ್ದೆ. ಬದುಕಿದ್ದಾಗ ಬಾಗಿಲ ಹತ್ತಿರ ಬೂಟು ಬಿಡಬೇಡ ಎಂದು ಬೈದವಳು ನಾನೇ. ರಾಯ್ಸ್ ಬಂದ ಮೂರನೆಯ ದಿನ ಕಾಫಿ ಲೋಟ ಹಿಡಿದುಕೊಂಡು ನಿಂತು, ಬಗ್ಗಿ ಬೂಟಿನೊಳಗೆ ನೋಡಿದ. “ಥೋರಾ ಅವ್ರೇ, ಯಜಮಾನ್ರ ಬೂಟೊಳಗೆ ಜೇಡ ಸಂಸಾರ ಹೂಡಿದ್ಯಲ್ರೀ. ಮರಿ ಬೇರೆ ಹಾಕಿದೆ” ಎಂದ. ನನಗೂ ನಗು ಬಂತು. ನಕ್ಕೆ. ನಕ್ಕ ಮೇಲೆ ಹೊಳೆಯಿತು, ಒಳಗೆ ಗಂಡಸಿಲ್ಲ ಎಂದು ಒಪ್ಪಿಕೊಂಡಂತಾಯಿತಲ್ಲ ಎಂದು.

ಅಂದಿನಿಂದ ಉಪಕಾರವೇ ಉಪಕಾರ. ನಾನು ಏಳುವಷ್ಟರಲ್ಲಿ ನೀರಿನ ಡ್ರಮ್ಮು ತುಂಬಿರುತ್ತಿತ್ತು. ಗಸ್‌ಗೆ ಬೇಯಿಸಿದ ಕೋಳಿ. ಡಚೆಸ್‌ಗೆ ಟ್ಯೂನಾ ಮೀನು. ಆ ಹೆಮ್ಮೆಯ ಬೆಕ್ಕು ಬೆಕ್ಕಸಬೆರಗಾಗಿ ಅವನ ಕಾಲು ಸುತ್ತತೊಡಗಿತು. ಅವನ ನಾಯಿಯ ಹೆಸರು ಬಡ್ಡಿ. ನೋಡಿದರೆ ಅದು ಹೆಣ್ಣು. “ಏನಯ್ಯಾ, ಹೆಣ್ಣಿಗೆ ಗಂಡಸಿನ ಹೆಸರಿಟ್ಟಿದ್ದೀಯಲ್ಲ” ಎಂದರೆ, “ಸಿಕ್ಕಿದಾಗ ಬಗ್ಗಿ ನೋಡಿರ್ಲಿಲ್ಲ” ಎಂದು ಕಣ್ಣು ಮಿಟುಕಿಸಿದ. ಕರೆದರೆ ಆ ನಾಯಿ ಬರುತ್ತಿರಲಿಲ್ಲ. ಹಗ್ಗ ಎಳೆದರೆ ಬರುತ್ತಿತ್ತು. ವಾರ ಕಳೆಯುವಷ್ಟರಲ್ಲಿ ನಾನು ಅವನಿಗೆ ‘ಥೋರಾ ಅವ್ರೇ’ಯಿಂದ ‘ಥೋರಾ’ ಆಗಿದ್ದೆ, ‘ನೀವು’ ಹೋಗಿ ‘ನೀನು’ ಬಂದಿತ್ತು. “ನಿನ್ನ ಬಸ್ಸು ಹಿಂದಕ್ಕೆ ತೆಗೆಯೋಕೆ ನಿನ್ನ ಕೈಲಾಗಲ್ಲ ಥೋರಾ, ನಾನಿರ್ತೀನಲ್ಲ” ಎಂದು ಅವನು ಹೇಳಿದ ದಿನ ಗಸ್ ಮೊದಲ ಬಾರಿಗೆ ಅವನತ್ತ ಗುರುಗುಟ್ಟಿದ. ಕಿವುಡ ನಾಯಿ ಅಕ್ಕಾ. ಮಾತು ಕೇಳಿಸಿ ಗುರುಗುಟ್ಟಿದ್ದಲ್ಲ.

ನಮ್ಮ ಜನರಲ್ಲಿ ಒಂದು ರೂಢಿಯಿದೆ, ನಿನಗೂ ಗೊತ್ತು. ಒಂಟಿಯಾಗಿರುವವರು ಪಕ್ಕದ ಗಾಡಿಯವರೊಂದಿಗೆ ಚೀಟಿ ಬದಲಿಸಿಕೊಳ್ಳುತ್ತಾರೆ. ನನಗೇನಾದರೂ ಆದರೆ ಯಾರಿಗೆ ತಿಳಿಸಬೇಕು, ಪ್ರಾಣಿಗಳು ಯಾರ ಪಾಲು ಎಂಬುದೇ ಅದರಲ್ಲಿರುತ್ತದೆ. ಕೇಳಿದರೆ ಇಲ್ಲವೆನ್ನುವುದು ಮರ್ಯಾದೆಯಲ್ಲ. ಕುಡಿಯಲು ನೀರು ಕೇಳಿದವರಿಗೆ ಇಲ್ಲ ಎಂದ ಹಾಗೆ. ರಾಯ್ಸ್ ಕೇಳಿದ, ಕೊಟ್ಟೆ. ನಿನ್ನ ಹೆಸರು, ಎಲ್ಕ್ ಹಾರ್ಬರಿನ ನಿನ್ನ ಮನೆಯ ವಿಳಾಸ, ಫೋನ್ ನಂಬರು. ಅವನ ಚೀಟಿಯನ್ನು ನಾನು ಆಮೇಲೆ ನೋಡಿದೆ. ಬಡ್ಡಿ ಎಂಬ ಹೆಸರೊಂದೇ ಇತ್ತು. “ನಂಗ್ಯಾರಿದಾರೆ ಹೇಳು. ನನ್ನೋರು ಅಂದ್ರೆ ದಾರೀಲಿ ಸಿಕ್ಕೋರೇ” ಎಂದ. ಕೇಳಲು ಎಷ್ಟು ಚೆನ್ನಾಗಿತ್ತು ಎಂದರೆ ಅವತ್ತು ಅವನಿಗಾಗಿ ಜೋಳದ ಬ್ರೆಡ್ಡು ಬೇಯಿಸಿದೆ.

ಈಗ ಶುಕ್ರವಾರದ ಮಾತು. ಕೊಳಕು ನೀರಿನ ಟ್ಯಾಂಕು ಖಾಲಿ ಮಾಡಿಸಲು ರಾಯ್ಸ್ ವ್ಯಾನು ತೆಗೆದುಕೊಂಡು ಊರಿಗೆ ಹೋದ. ನಾಯಿಯನ್ನು ನನ್ನ ಹತ್ತಿರ ಬಿಟ್ಟ. ಈ ಮರಳಿನಲ್ಲಿ ಗಾಡಿ ಒಂದು ಕಡೆಗೆ ವಾಲದಿರಲಿ ಎಂದು ಚಕ್ರದಡಿ ಹಲಗೆ ಇಡುತ್ತಾರಲ್ಲ, ಅವನ ಹಲಗೆಗಳು ಜಾಗದಲ್ಲೇ ಬಿದ್ದಿದ್ದವು. ಗಸ್ ಹೋಗಿ ಅದರಲ್ಲೊಂದನ್ನು ಮೂಸುತ್ತ ಕೆರೆಯತೊಡಗಿದ. ಎಳೆದು ತರಲು ಹೋದವಳು ಹಲಗೆಯನ್ನು ಕಾಲಿನಿಂದ ಸರಿಸಿದೆ. ಅಡಿಯಲ್ಲಿ ಅಕ್ಷರ ಕಂಡಿತು. ತಿರುಗಿಸಿದೆ. ನಾವೆಲ್ಲ ಗಾಡಿಯ ಮುಂದೆ ನೆಡುವ ಹೆಸರು ಹಲಗೆಯೇ ಅದು. ಕಾದ ಕಬ್ಬಿಣದಿಂದ ಸುಟ್ಟು ಬರೆದ ಅಕ್ಷರ, ಮೂಲೆಯಲ್ಲಿ ಸೂರ್ಯಕಾಂತಿ. “ಹ್ಯಾಟಿ ಮತ್ತು ಕ್ಲೋವರ್, ಸೀಡರ್ ಫಾಲ್ಸ್, ಅಯೋವಾ” ಎಂದಿತ್ತು. ನಿನಗೆ ಗೊತ್ತಲ್ಲ, ಇಂಥ ಹಲಗೆಯನ್ನು ನಾವು ಯಾರಿಗೂ ಕೊಡುವುದಿಲ್ಲ. ಲೈಲ್ ಸತ್ತ ಮೇಲೂ ನಮ್ಮ ಹಲಗೆಯಿಂದ ಅವನ ಹೆಸರು ಕೆರೆಯಲು ನನಗೆ ಕೈ ಬರಲಿಲ್ಲ. ರಸ್ತೆ ಬಿಟ್ಟು ಮನೆ ಹಿಡಿದವರೂ ಅದನ್ನು ಒಯ್ದು ಗೋಡೆಗೆ ನೇತುಹಾಕುತ್ತಾರೆ. ಚಕ್ರದಡಿಗೆ ಹಾಕುವವರನ್ನು ನಾನು ನೋಡಿಲ್ಲ.

ಹಿಂದಿರುಗಿ ನೋಡಿದೆ. ನನ್ನ ಮೆಟ್ಟಿಲ ನೆರಳಲ್ಲಿ ಆ ಕಂದು ನಾಯಿ ಮಲಗಿತ್ತು. ತಮಾಷೆಗೆಂಬಂತೆ, ಸುಳ್ಳಾಗಲಿ ಎಂದುಕೊಂಡು, ಮೆಲ್ಲಗೆ “ಕ್ಲೋವರ್” ಎಂದೆ. ಅಕ್ಕಾ, ಆ ನಾಯಿ ಎದ್ದು ಬಂದ ರೀತಿಯನ್ನು ಹೇಗೆ ಬರೆಯಲಿ. ಓಡಿ ಬಂದು ನನ್ನ ಮಂಡಿಗೆ ತಲೆ ಒತ್ತಿ ಅಳುವ ದನಿ ತೆಗೆಯಿತು, ಆಮೇಲೆ ನನ್ನ ಹಿಂದೆ, ಬಸ್ಸಿನ ಹಿಂದೆ, ಬಯಲಿನ ಕಡೆ ಹುಡುಕಿ ನೋಡಿತು. ಹೆಸರು ಗೊತ್ತಿರುವವಳು ಬಂದಳೆಂದರೆ ಹ್ಯಾಟಿಯೂ ಬಂದಿರಬೇಕು ಎಂದುಕೊಂಡಿತೇನೋ. ಬಡ್ಡಿಯ ಅಸಲು ಗೊತ್ತಾದ ಮೇಲೆ ನನಗೆ ನಗಲಾಗಲಿಲ್ಲ. ಆಚೆ ಚಕ್ರದ ಜಾಗದಲ್ಲಿ ಇನ್ನೊಂದು ಹಲಗೆ ಬೋರಲು ಬಿದ್ದಿತ್ತು. ಅದನ್ನು ತಿರುಗಿಸಲು ಧೈರ್ಯ ಸಾಲಲಿಲ್ಲ.

ಸಂಜೆ ಬಂದ. ವ್ಯಾನನ್ನು ಹಲಗೆಯ ಮೇಲೆ ಹತ್ತಿಸಿದ, ಇಳಿದ, ಸುತ್ತ ಒಂದು ಸಲ ನೋಡಿದ. “ಯಾರೋ ನನ್ನ ಹಲಗೆ ಮುಟ್ಟಿದ್ದಾರೆ, ಥೋರಾ” ಎಂದ. “ಗಸ್ ಇರ್ಬೇಕು. ಕೆರೀತಾ ಇದ್ದ” ಎಂದೆ. “ಗಸ್‌ಗೆ ಹಲಗೆ ತಿರುಗಿಸಕ್ಕೂ ಬರುತ್ತೇನು?” ಎಂದು ನಕ್ಕ. ಅವನ ಯಾವ ನಗುವೂ ಕಣ್ಣಿಗೆ ಏರಿದ್ದನ್ನು ನಾನು ಕಂಡಿಲ್ಲ, ಅದನ್ನು ಅಂದೇ ಗಮನಿಸಿದ್ದು. ಆಮೇಲೆ ತೀರ ಸಹಜವಾಗಿ, “ಗಸ್‌ಗೆ ವಯಸ್ಸಾಯ್ತು. ಡಚೆಸ್ ನಂಗೆ ಹೊಂದ್ಕೊಂಡ್ಬಿಟ್ಟಿದ್ದಾಳೆ” ಎಂದು ನಾಯಿಯ ಹಗ್ಗ ಹಿಡಿದು ಎಳೆದುಕೊಂಡು ಹೋದ. ಆ ನಾಯಿ ನನ್ನನ್ನೇ ನೋಡುತ್ತ ಹೋಯಿತು. ಅಂದಿನಿಂದ ಎರಡೂ ಪ್ರಾಣಿಗಳನ್ನು ಒಳಗೇ ಇಟ್ಟುಕೊಂಡು, ಬಾಗಿಲಿಗೆ ಕುರ್ಚಿ ಒರಗಿಸಿ ಕೂತೆ. ಮರುದಿನ ಗೇಟಿನವರೆಗೆ ನಡೆದುಹೋಗಿ ಮರ್ಲ್‌ಗೆ ಹೇಳಿದೆ. ಅವನು ಹಲ್ಲಿಲ್ಲದ ಬಾಯಲ್ಲಿ ನಕ್ಕ. “ಹಳೇ ಹಲಗೆ ಯಾವ್ದೋ ಸಂತೇಲಿ ತಂದಿರ್ತಾನೆ ಕಣಮ್ಮಾ. ನಾಯಿ ಅಂದ್ರೆ ನಾಯಿ, ಏನಂತ ಕರೆದ್ರೂ ಬರುತ್ತೆ. ನಿಂಗೆ ಬಿಸಿಲು ತಲೆಗೇರಿದೆ, ಮೊದ್ಲು ಒಂದು ಲೋಟ ನೀರು ಕುಡಿ” ಎಂದ. ನೀರು ಕುಡಿದೆ. ಬಿಸಿಲು ಇಳಿಯಲಿಲ್ಲ.

ಭಾನುವಾರ ಎದ್ದು ಪರದೆ ಸರಿಸಿದರೆ ಪಕ್ಕದ ಜಾಗ ಖಾಲಿ. ವ್ಯಾನಿಲ್ಲ, ನಾಯಿಯಿಲ್ಲ, ಹಲಗೆಯೂ ಇಲ್ಲ. ಒಂದು ಮಾತು ಹೇಳದೆ ಹೊರಟುಹೋಗಿದ್ದ. ಎಷ್ಟೋ ದಿನಗಳ ನಂತರ ನಾನು ಹಾಡಿಕೊಂಡು ಪಾತ್ರೆ ತೊಳೆದೆ. ಬಹುಶಃ ಮರ್ಲ್ ಹೇಳಿದ್ದೇ ಸರಿಯಿರಬಹುದು. ಹ್ಯಾಟಿ ಈಗ ಅಯೋವಾದ ಯಾವುದೋ ಬಿಸಿ ಬಿಸಿ ಅಡುಗೆಮನೆಯಲ್ಲಿ, ನಾಯಿ ಸಾಕಬಾರದೆನ್ನುವ ಮನೆ ಮಾಲೀಕನನ್ನು ಬೈದುಕೊಂಡು ಆರಾಮವಾಗಿರಬಹುದು. ಹಾಗೆಂದು ನನಗೆ ನಾನೇ ದಿನಕ್ಕೆ ನಾಲ್ಕು ಸಲ ಹೇಳಿಕೊಳ್ಳುತ್ತಿದ್ದೇನೆ. ಆದರೆ ಖಾಲಿ ಬಯಲನ್ನು ನೋಡುವಾಗ ಮೊದಲಿನ ಹಾಗೆ ಆಕಾಶ ಕಾಣುವುದಿಲ್ಲ. ಯಾರು ಬರುತ್ತಿದ್ದಾರೆ ಎಂಬುದೇ ಕಾಣುತ್ತದೆ.

ಅದಕ್ಕೇ ತೀರ್ಮಾನ ಮಾಡಿದೆ. ನೀನು ಗೆದ್ದೆ, ಚಪ್ಪಾಳೆ ತಟ್ಟಿಕೋ. ಮರ್ಲ್ ಇವತ್ತು ಬೆಲ್ಟ್ ಹಾಕಿಕೊಟ್ಟಿದ್ದಾನೆ, ನಾಳೆ ಬೆಳಿಗ್ಗೆ ಹೊರಡುತ್ತೇನೆ. ಹಿಂದಕ್ಕೆ ತೆಗೆಯಲು ಬಾರದಿದ್ದರೆ ಮುಂದಕ್ಕೇ ಸುತ್ತು ಹಾಕಿಕೊಂಡು ಹೋಗುತ್ತೇನೆ, ಮರುಭೂಮಿಯಲ್ಲಿ ಜಾಗಕ್ಕೇನು ಬರ. ನಿಧಾನವಾಗಿ ಓಡಿಸುವುದರಿಂದ ಮುಂದಿನ ವಾರ ನಿನ್ನ ಅಂಗಳದಲ್ಲಿರುತ್ತೇನೆ. ಡಚೆಸ್ ಸೋಫಾ ಹತ್ತುವುದಿಲ್ಲ ಎಂದು ನಾನು ಮಾತು ಕೊಡಬಲ್ಲೆ, ಅವಳು ಕೊಡುವುದಿಲ್ಲ. ಗಸ್‌ಗೆ ಒಲೆಯ ಹತ್ತಿರ ಒಂದು ಚಾಪೆ ಸಾಕು. ನನಗೆ ನಿನ್ನ ಬೈಗುಳ ಸಾಕು, ಬೆಳಗಿನ ಕಾಫಿಯ ಜೊತೆ ಕೊಟ್ಟರೆ ಸಕ್ಕರೆಯೂ ಬೇಡ. ಪಾದ್ರಿಗಳಿಗೂ, ಪಕ್ಕದ ಮನೆಯ ಹಲ್ವೊರ್ಸನ್ ಅಜ್ಜಿಗೂ ನನ್ನ ನಮಸ್ಕಾರ ಹೇಳು. ನಿನ್ನ ಮಂಡಿಗೆ ದೇವರು ಶಕ್ತಿ ಕೊಡಲಿ, ನಾಲಿಗೆಗೆ ಬೇಕಾಗಿಲ್ಲ.

ಸದಾ ನಿನ್ನ ತಂಟೆಕೋರ ತಂಗಿ,
ಥೋರಾ

ತಾ.ಕ. — ಬುಧವಾರ. ಇಲ್ಲಿಯ ಟಪಾಲು ಕಚೇರಿಯಲ್ಲಿ ನಿಂತು ಬರೆಯುತ್ತಿದ್ದೇನೆ, ಅಕ್ಷರ ಹೀಗೇಕೆ ಎಂದು ಕೇಳಬೇಡ. ಗೇಟು ದಾಟುವಾಗ ಮರ್ಲ್ ಕಿಟಕಿಗೆ ಬಂದು ಹೇಳಿದ: “ಹೋಗು ಹೋಗು, ರಾಯ್ಸ್ ಆಗ್ಲೇ ಮುಟ್ಟಿರ್ತಾನೆ. ನೀನು ಹೊರಡೋದು ನಿಮ್ಮಕ್ಕನ್ ಮನೇಗೇ ಅಂತ ಗೊತ್ತಂತೆ, ಮುಂಚೆ ಹೋಗಿ ನಿಂಗೆ ಆಶ್ಚರ್ಯ ಮಾಡ್ತಾನಂತೆ, ಹೇಳ್ಬೇಡ ಅಂದಿದ್ದ. ನನ್ ಬಾಯಿ ನಿಲ್ಲಲ್ಲ ನೋಡು.” ಈ ಬೀದಿಯ ಫೋನಿನಿಂದ ನಿನ್ನ ಮನೆಗೆ ಕರೆ ಮಾಡಿದೆ. ಯಾರೂ ಎತ್ತದಿರಲಿ ಎಂದು ಬೇಡಿಕೊಂಡೇ ಮಾಡಿದೆ. ತಕ್ಷಣ ಎತ್ತಿದರು. ನಾನಿನ್ನೂ ಬಾಯಿ ತೆರೆದಿರಲಿಲ್ಲ. “ಥೋರಾ, ಎಲ್ಲಿದ್ದೀಯ? ನಾವು ಆಗ್ಲಿಂದ ಕಾಯ್ತಾ ಇದ್ದೀವಿ” ಎಂದ ರಾಯ್ಸ್. ನಿಮ್ಮೂರಿನ ಪೊಲೀಸರಿಗೆ ಹೇಳಿದ್ದೇನೆ, ಹೋಗಿ ನೋಡುತ್ತಾರಂತೆ. ಆದರೆ ಗುಡಿಸಲಿಗೆ ಫೋನಿಲ್ಲ, ನಿನ್ನನ್ನು ಮುಟ್ಟಲು ನನಗಿರುವುದು ಈ ತುರ್ತು ಟಪಾಲೊಂದೇ. ‘ನಾವು’ ಎಂದರೆ ಅವನೂ ಆ ನಾಯಿಯೂ ಇರಬೇಕು, ನೀನಲ್ಲ, ನೀನಿನ್ನೂ ದೋಣಿಗೆ ಬಣ್ಣ ಬಳಿಯುತ್ತಿದ್ದೀಯ ಎಂದು ನಂಬಿದ್ದೇನೆ. ಇದನ್ನು ಓದುತ್ತಿದ್ದೀಯೆಂದರೆ ನೀನು ಕೌಂಟರಿನ ಮುಂದೆ ಇದ್ದೀಯ. ಅಲ್ಲೇ ಇರು. ಮನೆಗೆ ಹೋಗಬೇಡ ಅಕ್ಕಾ.