ಶಾಂಭವಿಯ ಚಿತ್ರಗಳಿಲ್ಲದ ಸನ್ನೆಪುಸ್ತಕ

ಮಾನ್ಯ ಶಿಕ್ಷಣಾಧಿಕಾರಿಗಳೇ,

ನೀವು ಶಾಲೆಗಳಿಗೆ ಹಂಚಿರುವ ಸನ್ನೆಭಾಷೆಯ ಪುಸ್ತಕದಲ್ಲಿ ಕಿವುಡರೊಬ್ಬರ ಕೈಯೂ ಇಲ್ಲ. ಇದ್ದ ಕೈಗಳನ್ನು ನೀವೇ ತೆಗೆಸಿದಿರಿ. ಆ ಕೈಗಳ ಚಿತ್ರ ಬರೆದವಳು ನನ್ನ ಮಗಳು ಶಾಂಭವಿ. ಹುಟ್ಟಿನಿಂದಲೂ ಅವಳಿಗೆ ಕಿವಿ ಕೇಳಿಸದು.

ಹೋದ ವರ್ಷ ನೀವಾಗಿಯೇ ಹಚ್ಚೊಳ್ಳಿಯ ನಮ್ಮ ಮನೆಗೆ ಬಂದಿರಿ. ಅವಳ ಚಿತ್ರಗಳನ್ನು ನೋಡಿ, "ಅಮ್ಮಾ, ಇವು ಎಲ್ಲಾ ಸಾಲಿಗೂ ಹೋಗಬೇಕ್ರಿ. ಪುಸ್ತಕದ ಮ್ಯಾಲೆ ಆಕಿ ಹೆಸರೇ ಇರ್ತೈತಿ" ಎಂದಿರಿ. ಆ ಮಾತನ್ನು ನಾನೇ ಕೈಸನ್ನೆಯಲ್ಲಿ ಅವಳಿಗೆ ತಿಳಿಸಿದೆ. ಅಂದಿನಿಂದ ಹನ್ನೊಂದು ತಿಂಗಳು, ಪ್ರತಿ ಭಾನುವಾರ, ಸಿರುಗುಪ್ಪದಲ್ಲೊಮ್ಮೆ ಕುರುಗೋಡಿನಲ್ಲೊಮ್ಮೆ ಬಸ್ಸು ಬದಲಿಸಿ ಬಾದನಹಟ್ಟಿಗೆ ಹೋದಳು. ಅಲ್ಲಿ ಉಚ್ಚಂಗೆಪ್ಪ ಎಂಬ ಕಿವುಡ ದರ್ಜಿಯಿದ್ದಾರೆ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ಕಾಲುವೆಗೆ ನೀರು ಬಿಟ್ಟದ್ದಕ್ಕೂ, ಮೆಣಸಿನಕಾಯಿ ಬಿಡಿಸುವುದಕ್ಕೂ ಅವರಲ್ಲಿ ಬೇರೆ ಬೇರೆ ಸನ್ನೆಗಳಿವೆ. ಅವರು ಮಾಡಿ ತೋರಿಸಿದರು, ಇವಳು ಬರೆದಳು. "ಇಷ್ಟು ವರ್ಷ ಇವರ ಕೈ ನೋಡಿ ಮಂದಿ ನಗ್ತಿದ್ರು. ಈಗ ಹುಡುಗ್ರು ಓದ್ತಾರಂತಲ್ಲವ್ವಾ!" ಎಂದು, ಒಮ್ಮೆ ಜೊತೆಗೆ ಹೋಗಿದ್ದ ನನ್ನೆದುರು ಅವರ ಹೆಂಡತಿ ಸಾವಂತ್ರಮ್ಮ ಕಣ್ಣೊರೆಸಿಕೊಂಡರು.

ಬಳ್ಳಾರಿಯ ಗಾಂಧಿನಗರದಲ್ಲಿ ಪುಸ್ತಕ ಬಿಡುಗಡೆಯಾಯಿತು. ಭಾಷಣಗಳನ್ನು ಸನ್ನೆಯಲ್ಲಿ ಹೇಳುವವರು ಒಬ್ಬರೂ ಇರಲಿಲ್ಲ. ಕಿವುಡರಿಗಾಗಿ ಎರಡು ಗಂಟೆ ಮೈಕಿನಲ್ಲಿ ಮಾತಾಡಿದ ಕೀರ್ತಿ ತಮಗೇ ಸಲ್ಲಲಿ! ಪುಸ್ತಕ ಕೈಗೆ ಬಂದಾಗ ಶಾಂಭವಿ ಒಂದೊಂದೇ ಪುಟ ತಿರುವಿದಳು. ಅವಳ ಚಿತ್ರಗಳ ಜಾಗದಲ್ಲಿ ಸನ್ನೆ ಮಾಡುತ್ತಿರುವ ನಿಮ್ಮ ಕಚೇರಿ ಸಿಬ್ಬಂದಿಯ ಫೋಟೋಗಳು. ಹೊಟ್ಟೆನೋವಿನ ಸನ್ನೆಯ ಕೆಳಗೆ 'ಹಸಿವು' ಎಂದು ಅಚ್ಚಾಗಿತ್ತು. ನೋವಿನಿಂದ ನರಳುವ ಮಗುವಿಗೆ ಇನ್ನು ಶಿಕ್ಷಕರು ಅನ್ನ ಬಡಿಸಬೇಕೇ?

"ಸಾಹೇಬ್ರ, ನನ್ನ ಮಗಳು ಬರದದ್ದು ಎಲ್ಲೈತ್ರಿ?" ಎಂದು ಕೇಳಿದೆ.

"ಫೋಟೋ ಆದ್ರ ಚಂದ ಕಾಣ್ತಾವಮ್ಮ. ಇಂಥ ಮಕ್ಕಳಿಗೆ ಇಷ್ಟಾದ್ರೂ ಆತಲ್ಲ" ಎಂದು ನೀವು ಕಾರು ಹತ್ತಿದಿರಿ.

'ಏನಂದರು?' ಎಂದು ಶಾಂಭವಿ ಸನ್ನೆಯಲ್ಲಿ ಕೇಳಿದಳು. 'ಮುಂದಿನ ಸಲ ನಿನ್ನವೇ ಹಾಕುತ್ತಾರಂತೆ' ಎಂದುಬಿಟ್ಟೆ. ಊರಿನವರ ಮಾತನ್ನು ಅವಳಿಗೆ ಮುಟ್ಟಿಸುವವಳು ನಾನೊಬ್ಬಳೇ. ಅಂಥ ನನ್ನಿಂದಲೂ ಸುಳ್ಳು ಹೇಳಿಸಿದಿರಿ. ಆದರೆ ಅವಳು ನಿಮ್ಮ ಮುಖ ನೋಡಿದ್ದಳು. ಒಂದು ತಿಂಗಳು ಪೆನ್ಸಿಲ್ ಮುಟ್ಟಲಿಲ್ಲ. ಮೊನ್ನೆ ತಡೆಯಲಾರದೆ ನಿಜ ಹೇಳಿದೆ. 'ಅವತ್ತೇ ಗೊತ್ತಿತ್ತು. ನೀನೂ ಹೀಗೆ ಮಾಡಿದೆಯಲ್ಲ' ಎಂದಳು.

ಆ ಪುಸ್ತಕಗಳನ್ನು ಶಾಲೆಗಳಿಂದ ವಾಪಸು ತರಿಸಿ. ಶಾಂಭವಿಯ ಚಿತ್ರಗಳನ್ನೇ, ಅವಳ ಮತ್ತು ಉಚ್ಚಂಗೆಪ್ಪನವರ ಹೆಸರಿನಲ್ಲಿ ಅಚ್ಚು ಹಾಕಿಸಿ. ತಪ್ಪಾಯಿತೆಂದು ಅವಳೆದುರು ನಿಂತು ಸನ್ನೆಯಲ್ಲಿ ನೀವೇ ಹೇಳಿ. ನಿಮ್ಮ ಪರವಾಗಿ ಒಂದು ಮಾತನ್ನೂ ನಾನು ಇನ್ನು ಅವಳಿಗೆ ಮುಟ್ಟಿಸುವುದಿಲ್ಲ.

ಇಂತಿ,
ನಿಮ್ಮನ್ನು ನಂಬಿ ಮಗಳ ನಂಬಿಕೆ ಕಳೆದುಕೊಂಡ
ಅಕ್ಕನಾಗಮ್ಮ, ಹಚ್ಚೊಳ್ಳಿ